ಪ್ರವಾಸಿಯ ಚಿತ್ರಸಂಪುಟ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಜನರ ಹಳೆಯ ಮಾತು. ಈ ಎರಡು ಕರ್ತವ್ಯಗಳಿಗೆ ಮೂರನೆಯದೊಂದು ಈಗ ಸೇರಿಕೊಂಡಿದೆ. ಅದು ಚಿತ್ರ ತೆಗೆಯುವುದು. ಹಿಂದಿನ ಕಾಲದಲ್ಲಿ ಕಾಶಿಗೆ ಹೋಗಿ ಬಂದವರು ಗಂಗೆಯ ಗಿಂಡಿಯನ್ನು ತಂದು ನೆರೆಹೊರೆಯವರಿಗೆಲ್ಲ ಒಂದೊಂದು ಉದ್ಧರಣೆ ತೀರ್ಥವನ್ನು ಹಂಚುತ್ತಿದ್ದರು. ಈಗ ದೂರದೇಶಕ್ಕೆ ಹೋಗಿ ಬಂದವರು ಹಂಚುವುದು ಛಾಯಾಚಿತ್ರಗಳನ್ನು. ಎರಡರ ಉದ್ದೇಶವೂ ಒಂದೇ: ಹೋಗಲಾರದವರಿಗೂ ಆ ಯಾತ್ರೆಯ ಫಲದಲ್ಲಿ ಒಂದು ಪಾಲು ಸಲ್ಲಲಿ ಎಂಬುದು. ಆದರೆ ಒಂದು ವ್ಯತ್ಯಾಸವುಂಟು. ತೀರ್ಥವನ್ನು ಯಾರೂ ವಿಮರ್ಶಿಸುವುದಿಲ್ಲ, ಚಿತ್ರವನ್ನು ವಿಮರ್ಶಿಸಬಹುದು. ವಿಮರ್ಶಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಮಿತ್ರರು ಚಿತ್ರಗಳನ್ನು ತೋರಿಸಿದಾಗ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? "ಬಹಳ ಚೆನ್ನಾಗಿದೆ" ಎನ್ನುತ್ತೇವೆ. ಈ ಮಾತು ಸೌಜನ್ಯದ್ದೇ ಹೊರತು ವಿಮರ್ಶೆಯದಲ್ಲ. ಕವನವನ್ನು ಓದಿದ ಮಿತ್ರನಿಗೆ ಸಹೃದಯನು ನಿಜವಾದ ಅಭಿಪ್ರಾಯವನ್ನು ಹೇಳುವಂತೆ ಚಿತ್ರವನ್ನು ತೋರಿಸಿದವನಿಗೂ ಹೇಳಬೇಡವೆ? ಹೇಳಬೇಕಾದರೆ ನಮ್ಮಲ್ಲಿ ಒಂದು ಅಳತೆಗೋಲು ಇರಬೇಕು. ಅದನ್ನು ಹುಡುಕಿಕೊಂಡು ಹೋಗುವ ಮೊದಲು ಒಂದು ಸಂಗತಿಯನ್ನು ನೆನಪಿಗೆ ತಂದುಕೊಳ್ಳೋಣ. ನಾವು ಯೂರೋಪಿಗೆ ಹೋಗಿ ಅಲ್ಲಿಯ ಕಟ್ಟಡಗಳ ಚಿತ್ರ ತೆಗೆಯುವುದಕ್ಕೆ ಬಹಳ ಮುಂಚೆಯೇ ಯೂರೋಪಿನವರು ನಮ್ಮ ಬಾದಾಮಿಗೂ ಐಹೊಳೆಗೂ ಬಂದು ನಮ್ಮ ಗುಡಿಗಳ ಚಿತ್ರ ತೆಗೆದಿದ್ದರು.

ಛಾಯಾಚಿತ್ರದ ವಿದ್ಯೆಯು ಪ್ಯಾರಿಸ್ಸಿನಲ್ಲಿ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಅದಾದ ಹದಿನಾರೇ ವರ್ಷಗಳಲ್ಲಿ, ಅಂದರೆ 1855ರಲ್ಲಿ, ಮುಂಬಯಿಯ ಸರಕಾರವು ತನ್ನ ಫಿರಂಗಿದಳದ ಅಧಿಕಾರಿಯಾದ ಥಾಮಸ್ ಬಿಗ್ಸ್ ಎಂಬವರನ್ನು ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯುವ ಕೆಲಸಕ್ಕೆ ನೇಮಿಸಿತು. ವಿಜಾಪುರ, ಬಾದಾಮಿ, ಐಹೊಳೆಗಳಿಗೆ ಅವರು ಬಂದರು. ಆಗ ಈ ಸೀಮೆಗೆ ರೈಲು ಬಂದಿರಲಿಲ್ಲ. ಪೆಟ್ಟಿಗೆ, ಔಷಧಗಳ ಸೀಸೆ, ಡೇರೆ ಇವೆಲ್ಲವನ್ನೂ ಮಣ್ಣಿನ ಹಾದಿಯಲ್ಲಿಯೇ ಹೊತ್ತು ತರಬೇಕಾಗಿತ್ತು. ಬೆಳಕು ತಾಗಿದರೆ ಕಪ್ಪಾಗುವ ಔಷಧವನ್ನು ಕಾಗದಕ್ಕೆ ಸವರಿ, ಆ ಕಾಗದವನ್ನೇ ಪೆಟ್ಟಿಗೆಯೊಳಗಿಟ್ಟು ಚಿತ್ರ ಹಿಡಿಯುವ ಪದ್ಧತಿ ಅವರದು. ಅದೇ ವರ್ಷದ ಕೊನೆಗೆ ಅವರು ಸೈನ್ಯದ ಕೆಲಸಕ್ಕೆ ಮರಳಬೇಕಾಯಿತು. ಅವರ ತರುವಾಯ ಪಿಗೌ ಮತ್ತು ನೀಲ್ ಎಂಬ ಇಬ್ಬರು ವೈದ್ಯರು ಕೆಲಸವನ್ನು ಮುಂದುವರಿಸಿದರು. ಈ ಮೂವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವೆಂಬ ದೊಡ್ಡ ಸಂಪುಟವಾಗಿ ಹೊರಬಂದವು. ಅದಕ್ಕೆ ಇತಿಹಾಸದ ಭಾಗವನ್ನು ಬರೆದವರು ಸುರಪುರದ ಆಡಳಿತವನ್ನು ನೋಡಿಕೊಂಡಿದ್ದ ಮೆಡೋಸ್ ಟೇಲರ್. ಶಿಲ್ಪದ ಟಿಪ್ಪಣಿಗಳನ್ನು ಬರೆದವರು ಜೇಮ್ಸ್ ಫರ್ಗುಸನ್. 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ಪ್ರಾಚೀನ ಅವಶೇಷಗಳನ್ನು ಪರಿಶೀಲಿಸಿ ವರದಿ ಪ್ರಕಟಿಸಿದರು.

ಈ ಚಿತ್ರಗಳನ್ನು ಕೇವಲ ಪ್ರವಾಸಿಯ ಚಿತ್ರಗಳೆಂದು ಭಾವಿಸಿ ಪರೀಕ್ಷಿಸೋಣ. ಇವುಗಳ ಮೊದಲನೆಯ ಗುಣ ತಾಳ್ಮೆ. ಕಾಗದದ ಮೇಲೆ ಚಿತ್ರ ಮೂಡಲು ಹೊತ್ತು ಬೇಕಾಗಿದ್ದುದರಿಂದ ಚಿತ್ರಕಾರನು ಎಲ್ಲಿ ನಿಲ್ಲಬೇಕು, ಬೆಳಕು ಯಾವ ಕಡೆಯಿಂದ ಬರುತ್ತದೆ ಎಂಬುದನ್ನು ಮುಂಚಿತವಾಗಿ ಆಲೋಚಿಸಲೇಬೇಕಾಗಿತ್ತು. ಎರಡನೆಯ ಗುಣ ಪೂರ್ಣತೆ. ಐಹೊಳೆಯ ದುರ್ಗಗುಡಿಯ ಹಿಂಬದಿ ಅರ್ಧವರ್ತುಲಾಕಾರವಾಗಿದೆ. ಸುತ್ತಲೂ ಕಂಬಗಳ ಸಾಲು ಇದೆ. ಒಂದೇ ಕಂಬವನ್ನೋ ಒಂದೇ ವಿಗ್ರಹವನ್ನೋ ಹಿಡಿದರೆ ಈ ಆಕಾರ ನೋಡುವವನ ಮನಸ್ಸಿಗೆ ಬರುವುದಿಲ್ಲ. ಇಡೀ ಗುಡಿಯನ್ನು ಒಂದು ಮಗ್ಗುಲಿನಿಂದ ನೋಡಿದಾಗಲೇ ಆ ಶಿಲ್ಪಿ ಎಂತಹ ಪ್ರಯೋಗಶೀಲನೆಂಬುದು ತಿಳಿಯುತ್ತದೆ. ಮೂರನೆಯ ಗುಣ, ಅಳತೆ. ಆ ಕಾಲದ ಚಿತ್ರಗಳಲ್ಲಿ ಕಂಬದ ಪಕ್ಕದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸುವ ರೂಢಿಯುಂಟು. ಅವನನ್ನು ನೋಡಿ ಕಂಬದ ಎತ್ತರವನ್ನು ನಾವು ಊಹಿಸಿಕೊಳ್ಳುತ್ತೇವೆ.

ಇವುಗಳ ದೋಷವೂ ಅಲ್ಲಿಯೇ ಇದೆ. ಕಂಬದ ಬಳಿ ಅಲ್ಲಾಡದೆ ನಿಂತ ಆ ಮನುಷ್ಯ ಯಾರು? ಯಾವ ಊರಿನವನು? ಚಿತ್ರದ ಕೆಳಗೆ ಗುಡಿಯ ಹೆಸರಿದೆ, ಚಿತ್ರಕಾರನ ಹೆಸರಿದೆ, ಇವನ ಹೆಸರಿಲ್ಲ. ಅವನು ಚಿತ್ರಕಾರನಿಗೆ ಕೇವಲ ಗಜಕಡ್ಡಿಯಾದನು. ಐಹೊಳೆಯ ಗುಡಿಗಳಲ್ಲಿ ಒಂದು ಕಾಲಕ್ಕೆ ಜನ ಸಂಸಾರ ಹೂಡಿಕೊಂಡು ಇದ್ದರು. ಅಲ್ಲಿಯ ಒಂದು ಪ್ರಸಿದ್ಧ ಗುಡಿಗೆ ಲಾಡಖಾನನ ಗುಡಿಯೆಂಬ ಹೆಸರು ಬಂದದ್ದೇ ಅದರಲ್ಲಿ ವಾಸವಾಗಿದ್ದವನ ಹೆಸರಿನಿಂದ. ಶಿಲ್ಪವನ್ನು ನೋಡಬಂದವರಿಗೆ ಈ ಸಂಸಾರಗಳು ಅಡ್ಡಿಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಇಂದು ಆ ಚಿತ್ರಗಳನ್ನು ನೋಡುವ ನಮಗೆ ಗೋಡೆಗೆ ಒರಗಿಸಿದ ಒಂದು ಗುದ್ದಲಿ ಕಂಡರೂ ಸಾಕು, ಕಣ್ಣು ಅಲ್ಲಿಯೇ ನಿಲ್ಲುತ್ತದೆ. ಗುಡಿ ಈಗಲೂ ಇದೆ. ಆ ಬಾಳು ಇಲ್ಲ.

ಹೀಗೆ ಪರರ ಚಿತ್ರಗಳಿಂದ ನಮಗೆ ಎರಡು ಪಾಠಗಳು ದೊರೆತವು. ಇನ್ನು ನಮ್ಮವರು ಯೂರೋಪಿನಿಂದ ತಂದ ಚಿತ್ರಗಳಿಗೆ ಬರೋಣ. ಬಾಗಲಕೋಟೆಯ ನಮ್ಮ ಮಿತ್ರರೊಬ್ಬರು ಸಕುಟುಂಬರಾಗಿ ಯೂರೋಪಿನ ಸಂಚಾರ ಮಾಡಿ ಬಂದು, ಒಂದು ಸಂಜೆ ಆಪ್ತರನ್ನೆಲ್ಲ ಕರೆದು ಚಿತ್ರಗಳನ್ನು ತೋರಿಸಿದರು. ಅವಲಕ್ಕಿ, ಚಹ ಎಲ್ಲವೂ ಆಯಿತು. ಐಫೆಲ್ ಗೋಪುರ ಬಂದಿತು. ಅದರ ಮುಂದೆ ನಮ್ಮ ಮಿತ್ರರು. ಪೀಸಾದ ವಾಲುಗೋಪುರ ಬಂದಿತು. ಅದನ್ನು ಅಂಗೈಯಿಂದ ತಡೆದು ನಿಲ್ಲಿಸಿದಂತೆ ನಮ್ಮ ಮಿತ್ರರು. ರೋಮಿನ ಹಾಳು ರಂಗಮಂಟಪ ಬಂದಿತು; ಅದರ ಮುಂದೆಯೂ ಅವರೇ. ಇಳಕಲ್ಲಿನ ತವರುಮನೆಯವರಾದ ಅವರ ದೊಡ್ಡವ್ವನವರು ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದು ಕೊನೆಗೆ ಕೇಳಿದರು: "ಇಷ್ಟ ದೂರ ಹೋಗಿ ನಿನ್ನ ಮಾರೀನ ನೋಡಿಕೊಂಡ ಬಂದೀಯೇನೋ ತಮ್ಮಾ? ಅದನ್ನ ಮನ್ಯಾಗಿನ ಕನ್ನಡ್ಯಾಗ ನೋಡಬಹುದಿತ್ತಲ್ಲ!"

ಎಲ್ಲರೂ ನಕ್ಕರು. ಆದರೆ ಆ ಮಾತು ಒಳ್ಳೆಯ ವಿಮರ್ಶೆ. ಬಿಗ್ಸರ ಚಿತ್ರದಲ್ಲಿ ಮನುಷ್ಯನು ಗುಡಿಗೆ ಅಳತೆಗೋಲಾದನು. ಇಲ್ಲಿ ಗೋಪುರವೇ ಮನುಷ್ಯನಿಗೆ ಹಿನ್ನೆಲೆಯ ಪರದೆಯಾಯಿತು. ನಾನು ಅಲ್ಲಿದ್ದೆ ಎಂಬುದಕ್ಕೆ ಸಾಕ್ಷಿ ಬೇಕಾದರೆ ಒಂದು ಚಿತ್ರ ಸಾಕು. ಅಲ್ಲಿ ಏನಿತ್ತು ಎಂಬುದನ್ನು ಹೇಳುವುದಕ್ಕೆ ಉಳಿದವು ಇರಬೇಕು. ಆ ಸಂಪುಟದಲ್ಲಿ ನಮಗೆ ಅತ್ಯಂತ ಮೆಚ್ಚಿಕೆಯಾದದ್ದು ಯಾವ ಗೋಪುರವೂ ಅಲ್ಲ. ಸಣ್ಣ ಊರೊಂದರ ಸಂತೆಯಲ್ಲಿ ಮುದುಕಿಯೊಬ್ಬಳು ಸೊಪ್ಪಿನ ಸೂಡುಗಳನ್ನು ಕಟ್ಟುತ್ತಿದ್ದ ಚಿತ್ರ ಅದು. ಅದನ್ನು ತೆಗೆದವಳು ಮಿತ್ರರ ಮಗಳು. ಹುನಗುಂದದ ಸಂತೆಯನ್ನು ಕಂಡವರಿಗೆಲ್ಲ ಆ ಬೆರಳುಗಳ ಪರಿಚಯವಿತ್ತು. ದೂರದ ದೇಶ ಒಂದು ಕ್ಷಣ ಹತ್ತಿರವಾಯಿತು. ಪ್ರವಾಸದ ಚಿತ್ರ ಮಾಡಬೇಕಾದ ಕೆಲಸ ಇದೇ ಎಂದು ನಾವು ಅಂದುಕೊಳ್ಳುತ್ತೇವೆ.

ಲಂಡನ್ನಿನಿಂದ ತಂದ ಒಂದು ಚಿತ್ರದ ವಿಷಯವಾಗಿಯೂ ಎರಡು ಮಾತು ಹೇಳಬೇಕು. ಥೇಮ್ಸ್ ನದಿಯ ದಂಡೆಯ ಮೇಲೆ ಬಸವೇಶ್ವರರ ಪ್ರತಿಮೆಯೊಂದಿದೆ. ಅದನ್ನು 2015ರ ನವೆಂಬರ್ 14ರಂದು ಅನಾವರಣ ಮಾಡಿದರು. ಲಂಡನ್ನಿಗೆ ಹೋದ ಕನ್ನಡಿಗರು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವುದು ಸಹಜ, ಯೋಗ್ಯವೂ ಹೌದು. ಆದರೆ ಹೆಚ್ಚಿನ ಚಿತ್ರಗಳಲ್ಲಿ ಪ್ರತಿಮೆಯ ಮುಖ ಮತ್ತು ಯಾತ್ರಿಕರ ಮುಖ ಇವೆರಡೇ ಇರುತ್ತವೆ, ನದಿಯಿರುವುದಿಲ್ಲ. ನದಿಯಿಲ್ಲದ ಮೇಲೆ ಆ ಚಿತ್ರವನ್ನು ಯಾವ ಊರಿನಲ್ಲಿಯೂ ತೆಗೆಯಬಹುದಾಗಿತ್ತು. ಬಸವೇಶ್ವರರು ಐಕ್ಯರಾದ ಕೂಡಲಸಂಗಮ ಹುನಗುಂದದ ಸೀಮೆಯಲ್ಲಿ ಕೃಷ್ಣೆ ಮಲಪ್ರಭೆಗಳು ಕೂಡುವಲ್ಲಿ ಇದೆ. ಅಲ್ಲಿ ಅವರ ಐಕ್ಯಸ್ಥಳವನ್ನು ಜಲಾಶಯದ ಹಿನ್ನೀರು ಮುಳುಗಿಸದಂತೆ ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿ ಕಾಪಾಡಿದ್ದಾರೆ. ನಾಲ್ಕೂ ಕಡೆ ನೀರು, ನಡುವೆ ಇಳಿದುಹೋಗುವ ಮೆಟ್ಟಿಲು. ಥೇಮ್ಸಿನ ಚಿತ್ರವನ್ನೂ ಸಂಗಮದ ಚಿತ್ರವನ್ನೂ, ಎರಡರಲ್ಲಿಯೂ ನೀರು ಕಾಣುವಂತೆ, ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಅವು ತಾವಾಗಿಯೇ ಮಾತನಾಡುತ್ತವೆ.

ಆ ಸಂಜೆಯ ಕೊನೆಯ ಭಾಗ ವೆನಿಸ್ ನಗರದ್ದು. ನೀರಿನ ಬೀದಿಗಳು, ನೀರಿನಲ್ಲಿಯೇ ಕಾಲಿಟ್ಟು ನಿಂತ ಮನೆಗಳು, ಕಪ್ಪು ದೋಣಿಗಳು. ಅವರೇ ಎಣಿಸಿ ಹೇಳಿದಂತೆ ನೂರಕ್ಕೂ ಮಿಕ್ಕ ಚಿತ್ರಗಳು. ವೆನಿಸ್ಸಿನ ಕಷ್ಟ ಲೋಕಕ್ಕೆಲ್ಲ ತಿಳಿದದ್ದು. 2019ರ ನವೆಂಬರಿನಲ್ಲಿ ಸಮುದ್ರವು ಉಕ್ಕಿ ಬಂದು ಪಟ್ಟಣದ ಬಹುಭಾಗ ನೀರುಪಾಲಾಯಿತು. 2020ರಲ್ಲಿ ಸಮುದ್ರದ ಬಾಯಿಗೆ ಏಳಿಸಿ ಇಳಿಸುವ ತಡೆಗಳು ಮೊದಲ ಬಾರಿಗೆ ಉಬ್ಬರವನ್ನು ತಡೆದವು. ನಮ್ಮ ಮಿತ್ರರು ಇದನ್ನೆಲ್ಲ ಕಳಕಳಿಯಿಂದ ವಿವರಿಸುತ್ತಿದ್ದಾಗ ದೊಡ್ಡವ್ವನವರು ಮತ್ತೆ ಕೇಳಿದರು: "ನಮ್ಮ ಹಳೀ ಮನಿದು, ನಾ ಸೊಸಿಯಾಗಿ ಒಳಗ ಬಂದ ಆ ಬಾಗಲದ್ದು, ಒಂದ ಫೋಟೋ ಐತೇನು?"

ಯಾರೂ ನಗಲಿಲ್ಲ. ಏಕೆಂದರೆ ಆ ಮನೆ ಈಗಿಲ್ಲ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಜಲಾಶಯದಲ್ಲಿ ನೀರು 519.60 ಮೀಟರ್ ಮಟ್ಟಕ್ಕೆ ನಿಲ್ಲುವಾಗ ಅದರ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯವರೆಗೆ ಬರುತ್ತದೆ. ಪಟ್ಟಣದ ಒಂದು ಭಾಗ ಮುಳುಗಡೆಗೆ ಸೇರಿ, ಅಲ್ಲಿಯ ಜನ ಎತ್ತರದ ನೆಲದಲ್ಲಿ ನಿರ್ಮಿಸಿದ ನವನಗರಕ್ಕೆ ಹೋದರು. ಹೊಲಗಳಿಗೆ ನೀರು ಬೇಕು, ಊರಿಗೆ ಬೆಳಕು ಬೇಕು. ಅದರ ನ್ಯಾಯಾನ್ಯಾಯಗಳನ್ನು ಇಲ್ಲಿ ಚರ್ಚಿಸುವುದು ನಮ್ಮ ಉದ್ದೇಶವಲ್ಲ. ಮನೆ ಬಿಟ್ಟವರಿಗೆ ಪರಿಹಾರದ ಹಣ ಬಂದಿತು, ನಿವೇಶನ ದೊರೆಯಿತು. ಆದರೆ ಓಣಿಯ ತಿರುವು, ಪಡಸಾಲೆಯ ಕಂಬ, ದೀಪದ ಗೂಡು, ಹೊಸ್ತಿಲು ಇವುಗಳಿಗೆ ಪರಿಹಾರವೇನು? ಮಿತ್ರರ ಸಂಗ್ರಹದಲ್ಲಿ ಬಹಳ ಹುಡುಕಿದ ಮೇಲೆ ಒಂದು ಮದುವೆಯ ಚಿತ್ರ ದೊರೆಯಿತು. ನೆರೆದ ಬೀಗರ ತಲೆಗಳ ಮೇಲೆ ಆ ಬಾಗಿಲಿನ ಮೇಲ್ಪಟ್ಟಿಯೂ ಅದಕ್ಕೆ ಕಟ್ಟಿದ ತೋರಣವೂ ಅರ್ಧ ಮಾತ್ರ ಕಾಣುತ್ತಿದ್ದವು. ದೊಡ್ಡವ್ವನವರು ಬೀಗರನ್ನು ನೋಡಲಿಲ್ಲ. ಅರ್ಧ ಬಾಗಿಲನ್ನೇ ಬಹಳ ಹೊತ್ತು ನೋಡಿದರು.

ವೆನಿಸ್ಸಿನ ಬೀದಿಗಳು ನಾಳೆ ಇಲ್ಲವಾದರೂ ಅವುಗಳ ಚಿತ್ರಗಳು ಲೋಕದ ಎಲ್ಲ ದೇಶಗಳ ಮನೆಗಳಲ್ಲಿ ಉಳಿಯುತ್ತವೆ. ನಮ್ಮ ಓಣಿಗೆ ಆ ಭಾಗ್ಯವಿಲ್ಲ. ಅದರ ಚಿತ್ರವನ್ನು ಯಾವ ಬಿಗ್ಸನೂ ಬಂದು ತೆಗೆಯುವುದಿಲ್ಲ, ನಾವೇ ತೆಗೆಯಬೇಕು. ದೂರಕ್ಕೆ ಹೋದಾಗ ಎಚ್ಚರಗೊಳ್ಳುವ ಕಣ್ಣು ಊರಿನಲ್ಲಿ ನಿದ್ರಿಸುವುದೇಕೆ? ದಿನವೂ ಕಾಣುವುದು ಎಂದೂ ಹೋಗದೆಂಬ ನಂಬಿಕೆಯಿಂದಲೇ.

ಹೀಗೆಂದ ಮೇಲೆ ನಮ್ಮ ಸೀಮೆಯಲ್ಲಿ ಚಿತ್ರ ತೆಗೆಯುವವರಿಗೆ ಕೆಲವು ಸೂಚನೆಗಳನ್ನು ಕೊಡುವುದು ಅನುಚಿತವಾಗಲಾರದು. ಬಾದಾಮಿಯ ಗುಹೆಗಳು ದಕ್ಷಿಣದ ಬೆಟ್ಟದಲ್ಲಿ ಉತ್ತರದ ಕಡೆಗೆ ಮುಖಮಾಡಿ ಇವೆ. ನೇರವಾದ ಬಿಸಿಲನ್ನು ಅಲ್ಲಿ ನಿರೀಕ್ಷಿಸಬೇಡಿ. ಹೊರಗಿನ ಕೆಂಗಲ್ಲಿನ ಮೇಲೆ ಬಿದ್ದು ಒಳಕ್ಕೆ ಹಿಂದಿರುಗುವ ಮೆತ್ತನೆಯ ಬೆಳಕೇ ಮೂರನೆಯ ಗುಹೆಯಲ್ಲಿ ಅನಂತನ ಮೇಲೆ ಕುಳಿತ ವಿಷ್ಣುವಿಗೆ ಒಪ್ಪುವ ಬೆಳಕು. ಆ ಗುಹೆ ಮಂಗಳೇಶನು ಮಾಡಿಸಿದ್ದು. ಶಾಸನದ ಪ್ರಕಾರ ಕ್ರಿ.ಶ. 578ರದು. ಹದಿನಾಲ್ಕು ಶತಮಾನಗಳಿಂದ ನಿಂತವನ ಎದುರಿಗೆ ಹದಿನೈದು ನಿಮಿಷ ಕಾಯುವುದು ಹೆಚ್ಚಲ್ಲ. ಅಗಸ್ತ್ಯತೀರ್ಥದ ಪೂರ್ವದಂಡೆಯ ಭೂತನಾಥನ ಗುಡಿಗೆ ಸಂಜೆಯ ಬಿಸಿಲು ಒಳ್ಳೆಯದು. ಕೆರೆಯ ಮೆಟ್ಟಿಲುಗಳ ಮೇಲೆ ಬಟ್ಟೆ ಒಗೆಯುವವರು ಇದ್ದರೆ ಅವರು ಏಳುವವರೆಗೆ ಕಾಯಬೇಡಿ. ಅವರ ಅನುಮತಿ ಕೇಳಿ, ಅವರನ್ನೂ ಸೇರಿಸಿಕೊಳ್ಳಿ. ಇಳಕಲ್ಲಿಗೆ ಹೋದರೆ ಮಡಿಚಿಟ್ಟ ಸೀರೆಯ ಚಿತ್ರವನ್ನು ಮಾತ್ರ ತಂದು ತೃಪ್ತರಾಗಬೇಡಿ. ಸೀರೆಯ ಒಡಲ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸುವ ಕೈಗಳನ್ನು ನೋಡಿ. ಆ ಜೋಡಣೆ ಕಾಣದಿದ್ದರೆ ಇಳಕಲ್ಲ ಸೀರೆ ಕಂಡಂತಲ್ಲ.

ಕೊನೆಯದಾಗಿ, ಚಿತ್ರಕ್ಕೆ ಬರವಣಿಗೆಯ ಜೊತೆ ಬೇಕು. ಯಾವ ಊರು, ಯಾವ ದಿನ, ಚಿತ್ರದಲ್ಲಿರುವವರು ಯಾರು ಎಂಬ ಮೂರು ಮಾತುಗಳನ್ನು ಚಿತ್ರದೊಡನೆ ಬರೆದಿಡಿ. ಕಂಬದ ಪಕ್ಕದಲ್ಲಿ ನಿಂತ ಹೆಸರಿಲ್ಲದ ಮನುಷ್ಯರ ಸಂಖ್ಯೆಯನ್ನು ನಾವು ಹೆಚ್ಚಿಸುವುದು ಬೇಡ. ಮಿತ್ರರು ಚಿತ್ರಗಳನ್ನು ತೋರಿಸಿದಾಗ "ಚೆನ್ನಾಗಿದೆ" ಎಂದು ಬಿಡದೆ, ಇಲ್ಲಿ ಏನು ಕಂಡಿರಿ, ಏನನ್ನು ಬಿಟ್ಟಿರಿ ಎಂದು ಪ್ರೀತಿಯಿಂದ ಕೇಳಿ. ಯೂರೋಪಿಗೆ ಹೊರಡುವವರು ಸುಖವಾಗಿ ಹೋಗಿ ಬರಲಿ. ಹೊರಡುವ ಮುನ್ನ, ಪೆಟ್ಟಿಗೆಗಳನ್ನು ಕಟ್ಟಿ ಬಾಗಿಲಿಗೆ ಬೀಗ ಹಾಕುವ ಹೊತ್ತಿಗೆ, ಒಂದು ಹೆಜ್ಜೆ ಹಿಂದೆ ಸರಿದು ಆ ಬಾಗಿಲಿನದೇ ಒಂದು ಚಿತ್ರವನ್ನು ತೆಗೆದುಕೊಳ್ಳಲಿ. ಸಂಪುಟದ ಮೊದಲನೆಯ ಹಾಳೆಗೆ ಅದು ತಕ್ಕುದಾಗಿರುತ್ತದೆ.