ಅಪ್ಪನ ಯಕ್ಷಗಾನ, ನನ್ನ ಇಂಟರ್‌ವ್ಯೂ, ನಡುವೆ ಒಂದು ಸೆಟ್ಟಿಂಗ್

ಈ ವಾರದ ಪಾಡ್‌ಕಾಸ್ಟ್ ಕೇಳೋಕೆ ಆಗದವರಿಗಾಗಿ ಅದರ ಬರಹ ರೂಪ ಇಲ್ಲಿದೆ.

ಇವತ್ತು ಒಂದು ಸಣ್ಣ ಸೆಟ್ಟಿಂಗ್ ಬಗ್ಗೆ ಮಾತಾಡೋಣ. ಟೀವಿ ಹಿಂದೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿರ್ತೀವಲ್ಲ, ಅದು ಎಷ್ಟು ಇಂಟರ್‌ನೆಟ್ ಎಳೀಬೇಕು ಅಂತ ನಾವೇ ಹೇಳೋ ಸೆಟ್ಟಿಂಗ್. ತುಂಬಾ ಜನ ಅದನ್ನ ತೆಗೆದೇ ನೋಡಿರಲ್ಲ. ನಾನೂ ನೋಡಿರಲಿಲ್ಲ. ಅದರಿಂದ ನಮ್ಮನೇಲಿ ಏನಾಯ್ತು ಅಂತ ಮೊದಲು ಹೇಳ್ತೀನಿ.

ನಮ್ಮೂರು ಸಾಗರದ ಹತ್ತಿರ. ಫೈಬರ್ ಇನ್ನೂ ಮನೆ ತನಕ ಬಂದಿಲ್ಲ. ಸಿಮ್ ಹಾಕೋ 4ಜಿ ರೌಟರ್ ಒಂದನ್ನ ಮಹಡಿ ಕಿಟಕೀಲಿ ಇಟ್ಟಿದ್ದೀವಿ, ಟವರ್ ಆ ಕಡೆ ಇದೆ ಅಂತ. ಹೋದ ಮಳೆಗಾಲ ಕೆಲಸ ಬದಲಾಯಿಸೋಣ ಅಂತ ಊರಲ್ಲೇ ಕೂತು ಇಂಟರ್‌ವ್ಯೂ ಕೊಡ್ತಿದ್ದೆ. ಎರಡು ರೌಂಡ್ ಚೆನ್ನಾಗಾಗಿತ್ತು. ಮೂರನೇದು ಸಂಜೆ ಏಳಕ್ಕೆ. ಅದೇ ಹೊತ್ತಿಗೆ ಕೆಳಗೆ ಹಾಲ್‌ನಲ್ಲಿ ಅಪ್ಪ ಯೂಟ್ಯೂಬ್‌ನಲ್ಲಿ ಯಕ್ಷಗಾನ ಹಾಕ್ಕೊಂಡು ಕೂತಿದ್ರು.

ಹತ್ತು ನಿಮಿಷ ಆಗಿರಬಹುದು, ನನ್ನ ವಿಡಿಯೊ ನಿಂತುಹೋಯ್ತು. ‘ನಿಮ್ಮ ಮಾತು ಕೇಳಿಸ್ತಿಲ್ಲ’ ಅಂದ್ರು ಆ ಕಡೆಯವರು. ಮೂರು ಸಲ ಕಟ್ ಆಯ್ತು, ಮೂರು ಸಲ ಮತ್ತೆ ಸೇರ್ಕೊಂಡೆ. ಕೊನೆಗೆ ‘ಆಮೇಲೆ ತಿಳಿಸ್ತೀವಿ’ ಅಂದ್ರು. ತಿಳಿಸಲೇ ಇಲ್ಲ.

ಕೆಳಗೆ ಬಂದವನು ಅಪ್ಪನ ಮೇಲೆ ಕೂಗಾಡಿದೆ. ‘ನಿಂಗೆ ಇವತ್ತೇ ಆಟ ನೋಡ್ಬೇಕಿತ್ತಾ?’ ಅಂದೆ. ಅಪ್ಪ ಏನೂ ಅನ್ನಲಿಲ್ಲ. ರಿಮೋಟ್ ತಗೊಂಡು ಆಫ್ ಮಾಡಿದ್ರು. ಮಾರನೇ ದಿನ ಟೀವಿ ಹಾಕಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ಇರಲ್ಲ, ಆಗ ಅಪ್ಪನಿಗೆ ಆಟ ಅಂದ್ರೆ ಯೂಟ್ಯೂಬೇ. ಒಂದು ವಾರ ಸುಮ್ನೆ ಜಗಲೀಲಿ ಕೂತು ಮಳೆ ನೋಡ್ತಿದ್ರು.

ಅಮ್ಮ ಒಂದು ಮಾತು ಕೇಳಿದ್ಲು. ‘ಅವ್ರು ನೋಡಿದ್ದು ತಪ್ಪೋ, ಆ ಡಬ್ಬಿ ತಪ್ಪೋ? ನೀನೇ ಕಂಪ್ಯೂಟರ್ ಓದಿದವ, ನೋಡು ಒಂದ್ಸಲ.’

ನೋಡಿದೆ. ಫೋನಲ್ಲಿ ಫಾಸ್ಟ್ ಡಾಟ್ ಕಾಮ್ ತೆಗೆದೆ. ನೆಟ್‌ಫ್ಲಿಕ್ಸ್‌ನವರದ್ದೇ ಆದ ಪುಕ್ಕಟೆ ಸ್ಪೀಡ್ ಟೆಸ್ಟ್ ಅದು. ಸಂಜೆ ಹೊತ್ತಲ್ಲಿ ಟೀವಿ ಆಫ್ ಇದ್ದಾಗ 9 ಎಂಬಿಪಿಎಸ್. ಟೀವೀಲಿ ಯಕ್ಷಗಾನ ಹಾಕಿ ಮತ್ತೆ ನೋಡಿದೆ. ಒಮ್ಮೆ 4, ಒಮ್ಮೆ 1. ಸ್ಟಿಕ್‌ನಲ್ಲಿ ವಿಡಿಯೊ ಗುಣಮಟ್ಟ ‘ಆಟೊ’ ಅಂತಿತ್ತು.

ಈ ಆಟೊ ಹೇಗೆ ಕೆಲಸ ಮಾಡುತ್ತೆ? ಒಂದೇ ವಿಡಿಯೊನ ಕಂಪನಿಯವರು 480ಪಿ, 720ಪಿ, 1080ಪಿ ಅಂತ ಹಲವು ಗುಣಮಟ್ಟದಲ್ಲಿ ಇಟ್ಟಿರ್ತಾರೆ. ಪ್ರತಿಯೊಂದನ್ನೂ ಕೆಲವು ಸೆಕೆಂಡಿನ ಚೂರುಗಳಾಗಿ ಕತ್ತರಿಸಿರ್ತಾರೆ. ಹಿಂದಿನ ಚೂರು ಬೇಗ ಬಂತಾ? ಹಾಗಾದ್ರೆ ಸ್ಟಿಕ್ ಮುಂದಿನದನ್ನ ದೊಡ್ಡದೇ ಕೇಳುತ್ತೆ. ನಿಧಾನ ಆಯ್ತಾ? ಚಿಕ್ಕದು ಕೇಳುತ್ತೆ. ಮುಂದೆ ಬೇಕಾಗೋ ಚೂರುಗಳನ್ನ ಮೊದಲೇ ತಂದಿಟ್ಕೊಳ್ಳುತ್ತೆ, ಹಾಗಾಗಿ ಅಪ್ಪನಿಗೆ ಚಿತ್ರ ನಿಲ್ಲಲ್ಲ. ವಿಡಿಯೊ ಕಾಲ್‌ಗೆ ಆ ಸೌಲಭ್ಯ ಇಲ್ಲ. ನಾನು ಇನ್ನೂ ಆಡದ ಮಾತನ್ನ ಮೊದಲೇ ತಂದಿಡೋಕಾಗುತ್ತಾ? ಲೈನ್ ತುಂಬಿದ ತಕ್ಷಣ ಪೆಟ್ಟು ಬೀಳೋದು ಕಾಲ್‌ಗೆ.

ನಮ್ಮ ಕಡೆ ತೋಟಕ್ಕೆ ನೀರು ಬಿಟ್ಟವರಿಗೆ ಇದು ಗೊತ್ತು. ಒಂದೇ ಮೋಟರಿನ ಪೈಪಲ್ಲಿ ಒಂದು ಕಡೆ ವಾಲ್ವ್ ಪೂರ್ತಿ ತೆಗೆದ್ರೆ ಇನ್ನೊಂದು ಕಡೆ ಸ್ಪ್ರಿಂಕ್ಲರ್ ತಿರುಗಲ್ಲ. ಸ್ಟಿಕ್ ಲೈನ್ ಎಷ್ಟಿದೆ ಅಂತ ಮಾತ್ರ ನೋಡುತ್ತೆ. ಮಹಡೀಲಿ ಯಾರ ಇಂಟರ್‌ವ್ಯೂ ನಡೀತಿದೆ ಅಂತ ಅದಕ್ಕೆ ಗೊತ್ತಿಲ್ಲ. ಅದನ್ನ ನಾವೇ ಹೇಳ್ಬೇಕು.

ಈಗ ಸ್ವಲ್ಪ ಲೆಕ್ಕ. ಎಂಬಿಪಿಎಸ್‌ನಲ್ಲಿರೋದು ಬಿಟ್, ನಮ್ಮ ಡೇಟಾ ಪ್ಯಾಕ್‌ನಲ್ಲಿರೋದು ಬೈಟ್. 8 ಬಿಟ್‌ಗೆ 1 ಬೈಟ್. ವಿಡಿಯೊ 5 ಎಂಬಿಪಿಎಸ್‌ನಲ್ಲಿ ಒಂದು ಗಂಟೆ ಓಡಿದ್ರೆ ಸುಮಾರು 2.25 ಜಿಬಿ ಖಾಲಿ. ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದು ಹಾಟ್‌ಸ್ಪಾಟ್‌ನಿಂದ ಟೀವಿ ನೋಡೋರು ಇಲ್ಲಿ ಸ್ವಲ್ಪ ನಿಂತು ಯೋಚ್ನೆ ಮಾಡಿ. ನೆಟ್‌ಫ್ಲಿಕ್ಸ್ ಹೇಳೋ ಪ್ರಕಾರ ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ಇದ್ರೆ ಸಾಕು, 4ಕೆಗೆ 15 ಬೇಕು.

ಇದು ನಮ್ಮೊಬ್ಬರ ಮನೆ ಕತೆ ಅಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಶುರುವಾದಾಗ ಸ್ಟ್ರೀಮಿಂಗ್ ಕಂಪನಿಗಳೇ ಸೇರಿ ಭಾರತದ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ವಿಡಿಯೊನ 480ಪಿಗೆ ಇಳಿಸಿದ್ವು, ಎಲ್ಲರೂ ಒಟ್ಟಿಗೆ ನೋಡಿದ್ರೆ ಲೈನ್ ತಡೆಯಲ್ಲ ಅಂತ. ಅವತ್ತು ದೇಶಕ್ಕೆ ಮಾಡಿದ್ದನ್ನ ನಾವು ಮನೆ ಮಟ್ಟಿಗೆ ಮಾಡ್ಕೋಬಹುದು.

ಹೇಗೆ ಅಂದ್ರೆ, ಮೊದಲು ಸಂಜೆ ಹೊತ್ತಲ್ಲಿ ಟೀವಿ ಪಕ್ಕದಲ್ಲೇ ನಿಂತು ಸ್ಪೀಡ್ ನೋಡಿ. ರೌಟರ್ ಪಕ್ಕದಲ್ಲಿ ನೋಡಿದ್ರೆ ಪ್ರಯೋಜನ ಇಲ್ಲ. ಬಂದ ಸಂಖ್ಯೆಯಲ್ಲಿ ಕಾಲ್‌ಗೆ ಅಂತ 3 ಎಂಬಿಪಿಎಸ್ ತೆಗೆದಿಡಿ. ಉಳಿದಿದ್ದರಲ್ಲೂ ಸ್ವಲ್ಪ ಕೈ ಹಿಡಿದು ಟೀವಿಗೆ ಕೊಡಿ.

ಇನ್ನು ಆ್ಯಪ್‌ಗಳು. ಟೀವಿ ಯೂಟ್ಯೂಬ್‌ನಲ್ಲಿ ವಿಡಿಯೊ ಓಡ್ತಿರುವಾಗ ಚಕ್ರದ ಗುರುತು ಒತ್ತಿ, ಕ್ವಾಲಿಟಿಗೆ ಹೋಗಿ ಆರಿಸಿ. ನೆಟ್‌ಫ್ಲಿಕ್ಸ್‌ನಲ್ಲಿ ಇದು ಟೀವೀಲಿ ಸಿಗಲ್ಲ. ಬ್ರೌಸರ್‌ನಲ್ಲಿ ಅಕೌಂಟ್ ತೆಗೆದು, ನಿಮ್ಮ ಪ್ರೊಫೈಲ್‌ನ ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ‘ಲೋ’ ಇಟ್ರೆ ಗಂಟೆಗೆ 0.3 ಜಿಬಿ, ‘ಮೀಡಿಯಂ’ ಇಟ್ರೆ 0.7 ಜಿಬಿ ತನಕ ಹೋಗುತ್ತೆ. ‘ಹೈ’ ಇಟ್ರೆ ಎಚ್‌ಡಿಗೆ 3 ಜಿಬಿ, 4ಕೆಗೆ 7 ಜಿಬಿ ತನಕ. ಪ್ರತಿ ಪ್ರೊಫೈಲ್‌ಗೂ ಬೇರೆ ಬೇರೆ ಮಾಡ್ಬೇಕು, ನಿಮ್ಮದು ಬದಲಾಯಿಸಿದ್ರೆ ತಂಗಿದು ಬದಲಾಗಲ್ಲ. ಫೈರ್ ಟೀವಿ ಇರೋರು ಸೆಟ್ಟಿಂಗ್ಸ್, ಪ್ರಿಫರೆನ್ಸಸ್, ಡೇಟಾ ಮಾನಿಟರಿಂಗ್‌ಗೆ ಹೋಗಿ. ಅಲ್ಲಿ ವಿಡಿಯೊ ಗುಣಮಟ್ಟಕ್ಕೆ ಗುಡ್, ಬೆಟರ್, ಬೆಸ್ಟ್ ಅಂತ ಮೂರು ಹಂತ ಇದೆ.

ಒಂದು ಮಾತು ನೆನಪಿಡಿ. ಇದರಿಂದ ಸ್ಪೀಡ್ ಜಾಸ್ತಿ ಆಗಲ್ಲ, ಇರೋದನ್ನ ಹಂಚ್ಕೊಂಡ ಹಾಗಾಗುತ್ತೆ ಅಷ್ಟೇ. ಟವರ್ ಸಿಗ್ನಲ್ಲೇ ಬಿದ್ದುಹೋದ್ರೆ ಯಾವ ಸೆಟ್ಟಿಂಗೂ ಏನೂ ಮಾಡಲ್ಲ.

ಸರಿ, ಅಪ್ಪನ ಕತೆಗೆ ಬರ್ತೀನಿ. ಪಕ್ಕ ಕೂತು ‘ತಪ್ಪು ನಿಂದಲ್ಲ ಅಪ್ಪ, ನಂದು’ ಅಂದೆ. 480ಪಿ ಇಟ್ಟು ಆಟ ಹಾಕಿದೆ. ಎರಡು ನಿಮಿಷ ನೋಡಿ, ‘ಬಣ್ಣದ ವೇಷದ ಮುಖದಲ್ಲಿ ಚಿಟ್ಟಿ ಕಾಣ್ತಾನೇ ಇಲ್ಲ, ಇದೆಂಥ ನೋಡೋದು’ ಅಂದ್ರು. ಗಂಟೆಗಟ್ಟಲೆ ಕೂತು ಮುಖಕ್ಕೆ ಇಡೋ ಆ ಚಿಟ್ಟಿ ಕಾಣದಿದ್ರೆ ಅವರಿಗೆ ಅದು ವೇಷವೇ ಅಲ್ಲ. 720ಪಿ ಮಾಡಿದೆ. ‘ಹ್ಞಾಂ, ಈಗ ಅಡ್ಡಿಲ್ಲ’ ಅಂದ್ರು. ಮಹಡಿಗೆ ಹೋಗಿ ಗೆಳೆಯನಿಗೆ ವಿಡಿಯೊ ಕಾಲ್ ಮಾಡಿದೆ. ಅರ್ಧ ಗಂಟೆ ಕಟ್ ಆಗಲಿಲ್ಲ. ಈಗ ಪ್ರತಿ ವಿಡಿಯೊಗೂ ಅಪ್ಪನೇ ಚಕ್ರ ಒತ್ತಿ 720 ಮಾಡ್ಕೊಳ್ತಾರೆ. ನನಗಿಂತ ಬೇಗ ಮಾಡ್ತಾರೆ.

ಹೋದ ತಿಂಗಳು ಇನ್ನೊಂದು ಇಂಟರ್‌ವ್ಯೂ ಇತ್ತು. ಶುರುವಾಗೋ ಮೊದಲು ಅಪ್ಪ ಮೆಟ್ಟಿಲ ಹತ್ರ ಬಂದು, ಆಫ್ ಮಾಡ್ಲಾ ಅಂತ ಕೈಸನ್ನೆ ಮಾಡಿದ್ರು. ಬೇಡ ಅಂತ ತಲೆ ಆಡಿಸಿದೆ. ನಡುವೆ ಎದುರಿನವರು, ‘ಹಿಂದೆ ಅದೇನು ಸದ್ದು?’ ಅಂತ ಕೇಳಿದ್ರು. ‘ಚಂಡೆ ಸಾರ್’ ಅಂದೆ. ಈ ಸಲ ಅವರಿಗೆ ನನ್ನ ಮಾತಿನ ಜೊತೆ ಅದೂ ಸ್ಪಷ್ಟವಾಗಿ ಕೇಳಿಸ್ತಿತ್ತು. ಫಲಿತಾಂಶ ಇನ್ನೂ ಬಂದಿಲ್ಲ.

ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಸ್ಟಿಕ್ ಯಾವುದರಲ್ಲಿದೆ ಅಂತ ಒಂದ್ಸಲ ನೋಡಿ. ಯಾರ ಮೇಲಾದ್ರೂ ಕೂಗಾಡೋ ಮೊದಲೇ ನೋಡಿ.