ಅಡಿಕೆಯ ಧಾರಣೆಯೂ ಗಡಿಯ ಕಾಗದಪತ್ರವೂ

(ಉತ್ತರ ಕನ್ನಡ ಕರಾವಳಿಯ ಅಡಿಕೆ ಬೆಳೆಗಾರರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರದ ಅಧ್ಯಾಪಕನಾದ ನಾನು ಗೊಬ್ಬರ, ಬಸಿಗಾಲುವೆ, ಬೋರ್ಡೋ ದ್ರಾವಣಗಳ ವಿಷಯ ಹೇಳಬೇಕಾದವನು. ಆದರೆ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಯಾವ ತೋಟಕ್ಕೆ ಹೋದರೂ ಕೊನೆಗೆ ಬರುವ ಪ್ರಶ್ನೆ ಬೇರೆ. "ಕೊಳೆರೋಗದಿಂದ ಫಸಲು ಕಡಿಮೆಯಾಗಿದೆ. ಮಾಲು ಕಡಿಮೆಯಾದರೆ ಧಾರಣೆ ಏರಬೇಕಲ್ಲ, ಇಳಿಯುವುದೇಕೆ?"

ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ನಮ್ಮ ತೋಟದಲ್ಲಿಲ್ಲ, ಕುಮಟಾ ಪೇಟೆಯಲ್ಲೂ ಇಲ್ಲ. ಅದು ದೇಶದ ಗಡಿಯಲ್ಲಿ, ಅಡಿಕೆ ಚೀಲದ ಜೊತೆ ಬರುವ ಕಾಗದದಲ್ಲಿದೆ. ಅದನ್ನು ಇಂದು ತಿಳಿಯೋಣ.

ದಾಟಿ ಹೋಗುವ ಸರಕು

ನೇಪಾಳಕ್ಕೆ ಸಮುದ್ರವಿಲ್ಲ. ಹೊರದೇಶದಿಂದ ಅದು ತರಿಸುವ ಸರಕು ಕೋಲ್ಕತ್ತದಂಥ ನಮ್ಮ ಬಂದರಿನಲ್ಲಿ ಇಳಿದು, ನಮ್ಮ ನೆಲದ ಮೇಲೆ ಸಾಗಿ, ರಕ್ಸೌಲ್ ಮೊದಲಾದ ಗಡಿಠಾಣೆಗಳ ಮೂಲಕ ಹೋಗುತ್ತದೆ. ಇದಕ್ಕಾಗಿ 1978ರಲ್ಲಿ ಪ್ರತ್ಯೇಕ ಸಾಗಣೆ ಒಪ್ಪಂದವಾಯಿತು; 2023ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಇಂಥ ಸರಕಿಗೆ ನಾವು ಆಮದು ಸುಂಕ ವಿಧಿಸುವುದಿಲ್ಲ. ಬಂದರಿನಲ್ಲಿ ಸಾಗಣೆ ಘೋಷಣಾಪತ್ರ ಬರೆದು, ಪೆಟ್ಟಿಗೆಗೆ ಮೊಹರು ಹಾಕಿ ಕಳಿಸುತ್ತಾರೆ. ಗಡಿಯಲ್ಲಿ ಮೊಹರು ನೋಡಿ ಬಿಡುತ್ತಾರೆ. ಹಿಂದಿನವರು ಹೇಳುತ್ತಿದ್ದ ರಹದಾರಿಯ ತತ್ವವೇ ಇದು.

ಹೀಗೆ ಸುಂಕವಿಲ್ಲದೆ ದಾಟಿದ ಮಾಲು ಕಳ್ಳದಾರಿಯಲ್ಲಿ ನಮ್ಮ ದೇಶಕ್ಕೇ ಮರಳಿದರೆ, ಅಥವಾ ನೆರೆದೇಶದ ಬೆಳೆ ಎಂಬ ಹೆಸರಿನಲ್ಲಿ ಒಳಬಂದರೆ, ಪೆಟ್ಟು ಬೀಳುವುದು ಬೆಳೆಗಾರನಿಗೆ.

ಮೂಲಪತ್ರದ ಬೆಲೆ

ಅಡಿಕೆಯ ಮೇಲಿನ ಮೂಲ ಆಮದು ಸುಂಕ ಶೇಕಡಾ 100. ಅಲ್ಲದೆ ಕನಿಷ್ಠ ಆಮದು ಬೆಲೆಯೂ ಇದೆ. 2017ರಲ್ಲಿ ಕಿಲೋಗೆ 251 ರೂ. ಇದ್ದುದನ್ನು 2023ರ ಫೆಬ್ರುವರಿಯಲ್ಲಿ 351 ರೂ.ಗೆ ಏರಿಸಲಾಯಿತು. ಆದರೆ ಶ್ರೀಲಂಕಾದಲ್ಲೇ ಬೆಳೆದ ಅಡಿಕೆಗೆ, ನಮ್ಮೊಡನೆ 2000ದಲ್ಲಿ ಜಾರಿಗೆ ಬಂದ ಒಪ್ಪಂದದ ಪ್ರಕಾರ, ಸುಂಕದ ವಿನಾಯಿತಿ ಉಂಟು. ನೇಪಾಳದ ಬೆಳೆಗೂ ಅದರ ಒಪ್ಪಂದದಂತೆ ವಿನಾಯಿತಿ ಉಂಟು. ಇದಕ್ಕೆ ಆಧಾರ ಮೂಲದೇಶದ ಪ್ರಮಾಣಪತ್ರ.

ಈಗ ಲೆಕ್ಕ ನೋಡಿ. ಕನಿಷ್ಠ ಬೆಲೆಯಲ್ಲಿ ಒಂದು ಕ್ವಿಂಟಲ್ ಅಡಿಕೆ 35,100 ರೂ. ಅದಕ್ಕೆ ಸುಂಕ ಮತ್ತೆ 35,100 ರೂ. ಸೇರಿದರೆ 70,200 ರೂ. ಮೂಲಪತ್ರವಿದ್ದರೆ ಸುಂಕದ ಭಾಗ ಇಲ್ಲವಾಗುತ್ತದೆ. ಎಂದರೆ ಒಂದು ಹಾಳೆ ಕಾಗದಕ್ಕೆ ಕ್ವಿಂಟಲ್‌ಗೆ 35,100 ರೂ. ಬೆಲೆ! ಆದುದರಿಂದಲೇ ಇಂಡೋನೇಷ್ಯಾದ ಅಡಿಕೆಗೆ ನೆರೆದೇಶದ ಮೂಲಪತ್ರ ಹಚ್ಚಿ ತಂದ ಪ್ರಕರಣಗಳು ನಡೆದಿವೆ. ಕಂದಾಯ ಗುಪ್ತಚರ ನಿರ್ದೇಶನಾಲಯವು ಅಂಥವನ್ನು ಹಿಡಿದಿದೆ.

ಅಡಿಕೆಯ ಮೂಲವೆಂದರೆ ಅದು ಬೆಳೆದ ನೆಲ. ಚೀಲ ಬದಲಿಸಿದರೆ, ಒಣಗಿಸಿದರೆ, ಹೋಳು ಮಾಡಿದರೆ ಮೂಲ ಬದಲಾಗದು. 2020ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ನಿಯಮಗಳಂತೆ ಪ್ರಮಾಣಪತ್ರ ತೋರಿಸಿದರಷ್ಟೇ ಸಾಲದು. ಮಾಲು ಎಲ್ಲಿ ಬೆಳೆಯಿತೆಂಬ ವಿವರ ಆಮದುದಾರನ ಬಳಿ ಇರಬೇಕು, ದಾಖಲೆಗಳನ್ನು ಐದು ವರ್ಷ ಕಾಪಾಡಬೇಕು.

ಸರಕಿನ ಹೆಸರನ್ನು ಬದಲಿಸುವುದು ಇನ್ನೊಂದು ದಾರಿ. ಹಸಿ, ಒಣ, ಹುರಿದ ಅಡಿಕೆಗಳಿಗೆ ಸುಂಕದ ಪಟ್ಟಿಯಲ್ಲಿ ಒಂದೇ ಸ್ಥಾನವಿಲ್ಲ. 2025ರ ಏಪ್ರಿಲ್‌ನಲ್ಲಿ ಹುರಿದ ಅಡಿಕೆಗೂ 351 ರೂ. ಕನಿಷ್ಠ ಬೆಲೆ ಅನ್ವಯಿಸಿದ್ದು ಈ ಕಂಡಿ ಮುಚ್ಚಲಿಕ್ಕೆ. ಭೂತಾನದ ವಿಷಯ ಬೇರೆ. ಅಲ್ಲಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಕಟ್ಟಿಲ್ಲದೆ ತರಲು 2022ರಲ್ಲಿ ಸರ್ಕಾರವೇ ಅನುಮತಿ ನೀಡಿತು. ಅದು ಕಳ್ಳಸಾಗಣೆಯಲ್ಲ. ಎರಡನ್ನೂ ಒಂದೇ ಎಂದು ಆಡಿದರೆ ನಮ್ಮ ಅಹವಾಲಿನ ತೂಕ ಕಡಿಮೆಯಾಗುತ್ತದೆ.

ನಮ್ಮ ಲಾರಿಯ ಕಾಗದ

ಪರರ ಕಾಗದ ಸರಿಯಿರಬೇಕೆನ್ನುವ ನಾವು ನಮ್ಮದನ್ನೂ ನೋಡಿಕೊಳ್ಳಬೇಕು. ಕುಮಟಾದ ಚಾಲಿ ಗುಜರಾತಿಗೆ ಹೋಗಬೇಕಾದರೆ ಮಹಾರಾಷ್ಟ್ರವನ್ನು ದಾಟಬೇಕು. ಸರಕಿನ ಬೆಲೆ 50,000 ರೂ. ಮೀರಿದರೆ ಇ-ವೇ ಬಿಲ್ ಬೇಕು. ಇಂದಿನ ಧಾರಣೆಯಲ್ಲಿ ಕೆಲವೇ ಚೀಲಗಳು ಆ ಮೊತ್ತ ಮುಟ್ಟುತ್ತವೆ. ಪ್ರತಿ 200 ಕಿ.ಮೀ.ಗೆ ಒಂದು ದಿನದಂತೆ ಅದರ ಅವಧಿ. ದಾರಿಯಲ್ಲಿ ಲಾರಿ ಬದಲಾದರೆ ಹೊಸ ಲಾರಿಯ ನಂಬರು ಸೇರಿಸಬೇಕು. ಕಾಗದ ತಪ್ಪಿದ್ದರೆ ಮಾಲನ್ನು ತಡೆಯುತ್ತಾರೆ; ಬಿಡಿಸಿಕೊಳ್ಳಲು ತೆರಿಗೆಯ ಎರಡರಷ್ಟು ದಂಡ ತೆರಬೇಕಾದೀತು. ಮಳೆಗಾಲದಲ್ಲಿ ನಿಂತ ಲಾರಿಯಲ್ಲಿ ಚಾಲಿ ತೇವ ಹೀರಿ ಬೂಷ್ಟು ಹಿಡಿದರೆ, ತಿಂಗಳುಗಟ್ಟಲೆ ಅಂಗಳದಲ್ಲಿ ಒಣಗಿಸಿದ ಶ್ರಮವೆಲ್ಲ ನೀರುಪಾಲು.

ಬೆಳೆಗಾರರು ಮಾಡಬೇಕಾದುದು

1. ಮಾರುಕಟ್ಟೆ ಪ್ರಾಂಗಣದಲ್ಲಿ ಅಥವಾ ಸಹಕಾರಿ ಸಂಘದಲ್ಲಿ ಮಾರಿ, ತೂಕ ಮತ್ತು ದರ ಬರೆದ ಬಿಲ್ ಪಡೆಯಿರಿ.

2. ಬಿಲ್ ಬೇಡವೆನ್ನುವ ವ್ಯಾಪಾರಿಗೆ ಹತ್ತು ರೂಪಾಯಿ ಹೆಚ್ಚಿನ ಆಸೆಗೆ ಮಾಲು ಕೊಡಬೇಡಿ. ಲೆಕ್ಕವಿಲ್ಲದ ನಮ್ಮ ಅಡಿಕೆಯ ಚೀಲದೊಳಗೇ ಹೊರದೇಶದ ಅಡಿಕೆ ಸುಲಭವಾಗಿ ಅಡಗುತ್ತದೆ.

3. ಹೊರಗಿನ ಅಡಿಕೆಯನ್ನು ಊರಿನ ಚಾಲಿಗೆ ಬೆರೆಸುವುದು ಕಂಡರೆ ಮಾರುಕಟ್ಟೆ ಸಮಿತಿಗೆ ತಿಳಿಸಿ. ಕಳ್ಳದಾರಿಯಲ್ಲಿ ಬಂದ ಮಾಲಿಗೆ ಸಸ್ಯ ಆರೋಗ್ಯದ ತಪಾಸಣೆಯೂ ಆಗಿರುವುದಿಲ್ಲ.

4. ಮನವಿ ಬರೆಯುವಾಗ "ಆಮದು ನಿಲ್ಲಿಸಿ" ಎಂದಷ್ಟೇ ಬರೆಯದೆ, ಮೂಲಪತ್ರದ ಪರಿಶೀಲನೆ ಬಿಗಿಯಾಗಲಿ ಎಂದು ಸ್ಪಷ್ಟವಾಗಿ ಕೇಳಿ.

ಬಾಂಧವರೇ, ಮಳೆಗಾಲ ಬರುವ ಮುನ್ನ ಕೊನೆಗೆ ಔಷಧ ಹೊಡೆಯುವುದನ್ನು ನಾವು ಮರೆಯುವುದಿಲ್ಲ. ಮರದ ಮೇಲಿನ ಅಡಿಕೆಯನ್ನು ಹಾಗೆ ಕಾಯುತ್ತೇವೆ. ಕೊಯ್ದ ಅಡಿಕೆಯನ್ನು ಕಾಯುವುದು ಬಿಲ್ಲು, ಕಾಗದ. ಮುಂದಿನ ಸಲ ಪೇಟೆಗೆ ಚೀಲ ಒಯ್ದಾಗ ಬಿಲ್ ಕೈಗೆ ಬರುವವರೆಗೆ ತಕ್ಕಡಿಯ ಬಳಿಯಿಂದ ಕದಲಬೇಡಿ.