ಬೆರಳಿಗೊಗ್ಗುವ ವಿದ್ಯುನ್ಮದ್ದಳೆ

ಕೋಲಿನ ಹಂಗಿಲ್ಲದೆ ಬೆರಳ ತುದಿಯಿಂದಲೇ ಡ್ರಮ್ಮಿನ ದನಿ ಹೊರಡಿಸುವ ಯಂತ್ರಗಳನ್ನು ನೀವು ಅಂಗಡಿಗಳಲ್ಲಿ ಕಂಡಿರಬಹುದು. ನಾನು ಅದನ್ನು ವಿದ್ಯುನ್ಮದ್ದಳೆ ಎನ್ನುತ್ತೇನೆ. ಅರಿಸಮಾಸವೆಂದು ಆಕ್ಷೇಪಿಸುವವರು ಆಕ್ಷೇಪಿಸಲಿ. ಮಕ್ಕಳಿಗಾಗಿ ಇದನ್ನು ಕೊಳ್ಳಹೊರಟವರು ಮೊದಲು ಕೇಳುವುದು, ಇದರಲ್ಲಿ ಎಷ್ಟು ದನಿಗಳಿವೆ ಎಂದು. ದನಿಗಳನ್ನು ಆಮೇಲೆ ಬೇಕಾದಷ್ಟು ತುಂಬಿಕೊಳ್ಳಬಹುದು. ಬೆರಳಿನ ಮಾತು ತಿಳಿಯದ ಪ್ಯಾಡನ್ನು ತಿದ್ದುವುದು ಮಾತ್ರ ಕಷ್ಟ.

ಅಮೆರಿಕದ ರೋಜರ್ ಲಿನ್ ಎಂಬವರು 1980ರಲ್ಲಿ ಹೊರತಂದ ಎಲ್‌ಎಂ-1 ಯಂತ್ರದಲ್ಲಿ ನಿಜವಾದ ಡ್ರಮ್ಮುಗಳ ದನಿಯನ್ನೇ ಹಿಡಿದಿಟ್ಟಿದ್ದರು. ನುಡಿಸಲು ಇದ್ದುವು ಬರಿಯ ಗುಂಡಿಗಳು. ಜಪಾನಿನ ಅಕಾಯ್ ಸಂಸ್ಥೆಗಾಗಿ ಅವರೇ ರೂಪಿಸಿದ ಎಂಪಿಸಿ-60 ಬಂದುದು 1988ರಲ್ಲಿ. ನಾಲ್ಕು ಸಾಲು, ಸಾಲಿಗೆ ನಾಲ್ಕರಂತೆ 16 ರಬ್ಬರ್ ಪ್ಯಾಡುಗಳು. ಪೆಟ್ಟಿನ ಬಿರುಸನ್ನು ಅರಿಯುವ ಗುಣ ಅವಕ್ಕಿತ್ತು. ಇಂದಿನ ಎಷ್ಟೋ ಯಂತ್ರಗಳು ಆ ಅಚ್ಚಿನವೇ.

ವಾದ್ಯಯಂತ್ರಗಳು ಪರಸ್ಪರ ಮಾತನಾಡಲೆಂದು 1983ರಲ್ಲಿ ಬಂದ ಮಿಡಿ ಎಂಬ ಕಟ್ಟಳೆಯಲ್ಲಿ ಪೆಟ್ಟಿನ ಬಿರುಸಿಗೆ 1ರಿಂದ 127ರವರೆಗೆ ಅಂಕಗಳುಂಟು. ಅಷ್ಟೂ ಅಂಕಗಳು ಬೆರಳಿಗೆ ದಕ್ಕುತ್ತವೆಯೆ? ಕಿರುಬೆರಳಿನಿಂದ ಮೆಲ್ಲಗೆ ತಟ್ಟಿ, ಬರಬರುತ್ತ ಬಿರುಸು ಮಾಡಿ. ದನಿಯು ಪಿಸುಮಾತಿನಿಂದ ಒಮ್ಮೆಗೇ ಅರಚಾಟಕ್ಕೆ ನೆಗೆದರೆ ಆ ಯಂತ್ರ ಬೇಡ. ಪ್ಯಾಡಿನ ಮೂಲೆಯಲ್ಲೂ ತಟ್ಟಿ. ಒಂದು ಪೆಟ್ಟಿಗೆ ಎರಡು ಸಲ ನುಡಿದರೆ, ಪಕ್ಕದ ಪ್ಯಾಡು ತಾನಾಗಿ ದನಿಗೂಡಿಸಿದರೆ, ಅದೂ ಬೇಡ.

ಇದೇನು ಸಣ್ಣ ಮಾತಲ್ಲ. ಮೃದಂಗ ಕಲಿಯುತ್ತಿದ್ದ ನನ್ನ ವಿದ್ಯಾರ್ಥಿಯೊಬ್ಬನಿಗೆ ಮನೆಯವರು ಅಗ್ಗವೆಂದು ತಂದುಕೊಟ್ಟ ಯಂತ್ರಕ್ಕೆ ಮೆಲ್ಲನೆಯ ಪೆಟ್ಟು ಕೇಳಿಸುತ್ತಲೇ ಇರಲಿಲ್ಲ. ಹುಡುಗ ಗುದ್ದಲು ಕಲಿತ. ಎರಡೇ ತಿಂಗಳಲ್ಲಿ ಅವನ ಮೃದಂಗದ ಕೈಯೂ ಒರಟಾಯಿತು. ಮೃದಂಗದ ಬಲಗಡೆಯಲ್ಲಿ ಕರಣೆಯ ಮೇಲೆ ಒಂದು ನಾದ, ಅಂಚಿನಲ್ಲಿ ಇನ್ನೊಂದು. ಸಾಮಾನ್ಯ ಪ್ಯಾಡಿಗೆ ಎಷ್ಟು ಬಿರುಸೆಂಬುದು ತಿಳಿದೀತೇ ಹೊರತು ಎಲ್ಲಿ ತಟ್ಟಿದಿರೆಂಬುದು ತಿಳಿಯದು. ಇರುವ ಒಂದು ಅರಿವೂ ಮಂಕಾಗಿದ್ದರೆ ಬೆರಳು ಮಾಡುವುದೇನು?

ತಟ್ಟಿದ್ದಕ್ಕೂ ನುಡಿದದ್ದಕ್ಕೂ ನಡುವಣ ವಿಳಂಬವನ್ನು ಗಮನಿಸಿ. ಸೆಕೆಂಡಿನ ನೂರನೆಯ ಒಂದು ಭಾಗವನ್ನು ಬಹುವಾಗಿ ಮೀರಿದರೆ ಪಳಗಿದ ಕೈ ತಡವರಿಸುತ್ತದೆ. ಬ್ಲೂಟೂತ್ ಹೆಡ್‌ಫೋನಿನಲ್ಲಿ ಈ ವಿಳಂಬ ಇನ್ನೂ ಹೆಚ್ಚು; ತಂತಿಯದೇ ಇರಲಿ.

ಮನೆಯಲ್ಲಿ ಒಳ್ಳೆಯ ಕಂಪ್ಯೂಟರ್ ಇದ್ದರೆ ಅದಕ್ಕೆ ಜೋಡಿಸುವ ಬರಿಯ ಪ್ಯಾಡುಹಲಗೆ ಸಾಕು, ಖರ್ಚೂ ಕಡಿಮೆ. ವೇದಿಕೆಯ ಆಸೆಯಿದ್ದರೆ ತಾನೇ ನುಡಿಯಬಲ್ಲ ಯಂತ್ರವೇ ಮೇಲು. ಯಾವುದೇ ಆಗಲಿ, ನುಡಿಸುವ ಮಗುವನ್ನು ಅಂಗಡಿಗೆ ಕರೆದೊಯ್ಯಿರಿ. ಹಣ ಕೊಡುವ ಮುನ್ನ ಅರ್ಧ ಗಂಟೆ ಅದರ ಕೈಗೆ ಬಿಡಿ.